ಮುಟ್ಟಬಾರದ ಎಲೆಗಳು

ನವೆಂಬರ್ 18, ಶನಿವಾರ. ದಿ ಪಾಂಡ್ಸ್, ಸಿಡ್ನಿ

ಅಪರ್ಣ ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ತೀರಿಕೊಂಡ ಯಾರೋ ಅಪರಿಚಿತರ ಕಿಡ್ನಿ ಅವಳ ಹೊಟ್ಟೆಯಲ್ಲಿ ಕೂತು ಕೆಲಸ ಶುರುಮಾಡಿದೆ. ವರ್ಷಗಟ್ಟಲೆ ನಡೆದ ಡಯಾಲಿಸಿಸ್ ಮುಗಿಯಿತು. ಸಂತೋಷಪಡಬೇಕು. ಆದರೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಬೆಳಗಿನಿಂದ ಬಾಗಿಲ ಹಿಡಿಕೆ, ಸ್ವಿಚ್ಚು, ಟಿವಿ ರಿಮೋಟು ಎಲ್ಲ ಒರೆಸುತ್ತಿದ್ದೇನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೇನೆ.

ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ಕೊಡುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಹೊರಡುವಾಗ ನರ್ಸ್ ಹೇಳಿದ್ದರಲ್ಲಿ ಕಿವಿಯಲ್ಲಿ ನಿಂತದ್ದು ಒಂದೇ: ಸದ್ಯಕ್ಕೆ ಗಿಡದ ಕೆಲಸ ಬೇಡ, ಪಾಟಿಗೆ ತುಂಬುವ ಮಣ್ಣು, ಪಾಟಿಂಗ್ ಮಿಕ್ಸ್, ಅದರ ಹತ್ತಿರ ಹೋಗಲೇಬೇಡಿ, ಅದರ ಧೂಳಿನಲ್ಲಿ ಶ್ವಾಸಕೋಶ ಸೇರುವ ರೋಗಾಣು ಇರಬಹುದು. ಮಿಕ್ಸಿನ ಚೀಲದ ಮೇಲೂ ಆ ಎಚ್ಚರಿಕೆ ಅಚ್ಚಾಗಿದೆ. ಇಷ್ಟು ವರ್ಷ ನಾನು ಓದಿರಲಿಲ್ಲ. ನಾರ್ತ್ ಸಿಡ್ನಿಯಲ್ಲಿ ಕೂತು, ಕಂಪನಿಗಳಿಗೆ ಅಪಾಯ ಎಲ್ಲಿಂದ ಬರಬಹುದೆಂದು ಹುಡುಕಿ ಹೇಳಿ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು!

ಮನೆಯ ದಕ್ಷಿಣದ ಗೋಡೆಗೆ ಒರಗಿದ ಮೆಟ್ಟಿಲು ಬೆಂಚಿನ ಮೇಲೆ ಅವಳ ಆರಿಕ್ಯುಲ ಹೂಗಿಡಗಳಿವೆ. ಉದ್ದನೆಯ ಮಣ್ಣಿನ ಪಾಟುಗಳು, ಒಂದೊಂದರಲ್ಲೂ ದಪ್ಪ ಎಲೆಗಳ ಒಂದು ಗಿಡ. ಯೂರೋಪಿನ ಹಿಮಬೆಟ್ಟದ ಜಾತಿಯಂತೆ, ಸೆಕೆ ಆಗದು. ಸೂರ್ಯ ಉತ್ತರದ ಕಡೆಯಿಂದ ಸುಡುವ ಈ ದೇಶದಲ್ಲಿ ದಕ್ಷಿಣದ ಗೋಡೆಯೇ ತಂಪು. ನಾವು ಮೊದಲು ಮೆಲ್ಬರ್ನಿನಲ್ಲಿದ್ದಾಗ ಒಲಿಂಡ ಬೆಟ್ಟದ ಹೆಲೆನ್ ಎಂಬ ಹಿರಿಯಾಕೆ ಅಪರ್ಣಳಿಗೆ ಈ ಹುಚ್ಚು ಹಿಡಿಸಿದರು. ನನ್ನ ಕೆಲಸಕ್ಕಾಗಿ ಸಿಡ್ನಿಗೆ ಬಂದಾಗ, ಈ ಬಿಸಿಲಿಗೆ ಒಂದು ಬೇಸಿಗೆಯೂ ಉಳಿಯುವುದಿಲ್ಲ ಎಂದರು ಎಲ್ಲರೂ. ಅವಳು ಉಳಿಸಿಕೊಂಡಳು.

"ಇವನ್ನೆಲ್ಲ ಕಸದ ಗ್ರೀನ್ ಬಿನ್‌ಗೆ ಹಾಕ್ಬಿಡ್ತೀನಿ," ಅಂದೆ.

"ಹಾಕಿ. ನನ್ನನ್ನೂ ಜೊತೆಗೇ ಹಾಕ್ಬಿಡಿ," ಅಂದಳು. ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ಅಂದಳು.

ನವೆಂಬರ್ 23, ಗುರುವಾರ

ಒಪ್ಪಂದವಾಯಿತು. ಅವಳು ಒಳಗೆ, ಗಾಜಿನ ಬಾಗಿಲ ಹಿಂದೆ ಕುರ್ಚಿಯಲ್ಲಿ. ನಾನು ಹೊರಗೆ, ಮಾಸ್ಕು ಗ್ಲೌಸು ಹಾಕಿಕೊಂಡು ಗಿಡದ ಚಾಕರಿ. ನಡುವೆ ಫೋನು.

"ರೀ, ನೀರು ಎಲೆಗೆ ಬೀಳ್ಬಾರ್ದು. ಪಾಟಿನ ಅಂಚಿಗೆ ಮಾತ್ರ."

"ಗೊತ್ತು."

"ಗೊತ್ತಿದ್ರೆ ಯಾಕೆ ತಲೆಗೆ ನೀರು ಹಾಕಿ ಸ್ನಾನ ಮಾಡಿಸ್ತಾ ಇದ್ದೀರಿ?"

ಎಲೆಗಳ ಮೇಲೆ ಬಿಳಿ ಹುಡಿ ಇರುತ್ತದೆ. ಗಿಡ ತಾನೇ ತಯಾರಿಸಿಕೊಳ್ಳುವ ಹುಡಿ. ಅವಳು ಅದಕ್ಕೆ ವಿಭೂತಿ ಎನ್ನುತ್ತಾಳೆ. ನೀರು ಬಿದ್ದರೆ ತೊಳೆದುಹೋಗುತ್ತದೆ, ಮುಟ್ಟಿದರೆ ಅಳಿಸುತ್ತದೆ. ನಾನು ಒಂದು ಎಲೆಯನ್ನು ಪಕ್ಕಕ್ಕೆ ಸರಿಸಲು ಹೋಗಿ ಹೆಬ್ಬೆರಳ ಗುರುತು ಬಿಟ್ಟೆ. ಗಾಜಿನಾಚೆ ಅವಳು ಹಣೆ ಚಚ್ಚಿಕೊಂಡಳು.

"ಮತ್ತೆ ಬರುತ್ತಲ್ವಾ?"

"ಬರಲ್ಲ. ಆ ಎಲೆ ಉದುರೋವರೆಗೂ ನಿಮ್ಮ ಬೆರಳು ಅಲ್ಲೇ ಇರತ್ತೆ."

ಜ್ವರ ನೋಡಿದೆ. ಇಲ್ಲ. ಊಟಕ್ಕೆ ಮುಂಚೆ ನೋಡಿದೆ, ಊಟವಾದ ಮೇಲೂ ನೋಡಿದೆ.

ಡಿಸೆಂಬರ್ 10, ಭಾನುವಾರ

ರೌಸ್ ಹಿಲ್‌ನಿಂದ ತಾರಾ ಬಿಸಿಬೇಳೆಬಾತ್ ತಂದಿದ್ದರು. ಕನ್ನಡ ಬಳಗದಲ್ಲಿ ಅಪರ್ಣಳಿಗೆ ಅತ್ಯಂತ ಹತ್ತಿರದವರು. ನಾನು ಬಾಗಿಲನ್ನು ಮುಖ ಕಾಣುವಷ್ಟೇ ತೆರೆದು, ಮನೆಯಲ್ಲಿ ಯಾರಿಗಾದರೂ ನೆಗಡಿ ಇದೆಯೇ ಎಂದು ಕೇಳಿದೆ. ಮೊಮ್ಮಗಳಿಗೆ ಸ್ವಲ್ಪ ಇದೆ ಎಂದರು. ಹಾಗಾದರೆ ಇನ್ನೊಮ್ಮೆ ಬನ್ನಿ ಎಂದೆ. ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಹೋದರು. ಕಾರಿನಲ್ಲಿ ಕೂತ ಮೇಲೂ ಸ್ವಲ್ಪ ಹೊತ್ತು ಹೊರಡಲಿಲ್ಲ.

ಅಪರ್ಣ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ತಾರಾ ನನ್ನ ನೋಡೋಕೆ ಬಂದಿದ್ಲು. ನೀವು ಬಾಗ್ಲಲ್ಲೇ ಇಂಟರ್‌ವ್ಯೂ ಮಾಡಿ ಕಳ್ಸಿದ್ರಿ."

"ನಿನ್ನ ಒಳ್ಳೇದಕ್ಕೇ."

"ಅದು ನಂಗೊತ್ತು. ಅದೇ ಕಷ್ಟ," ಎಂದು ರೂಮಿಗೆ ಹೋದಳು.

ಈಗ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮೀಟಿಂಗಿನ ಮಧ್ಯೆ ಎದ್ದು ಹೋಗಿ ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬರುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡೇ "ಇದ್ದೀನಿ" ಎನ್ನುತ್ತಾಳೆ.

ಜನವರಿ 26, ಶುಕ್ರವಾರ

ಭಯಂಕರ ಬಿಸಿಲು. ಎದುರು ಮನೆಯ ಹುಲ್ಲು ಹಪ್ಪಳವಾಗಿದೆ. ಪಾಟುಗಳನ್ನೆಲ್ಲ ಲಾಂಡ್ರಿ ರೂಮಿನ ಟೈಲ್ಸ್ ನೆಲದ ಮೇಲಿಟ್ಟು ಬಾಗಿಲು ಹಾಕಿದೆ. ಆದರೆ ಸುಮ್ಮನಿರಲಾಗಲಿಲ್ಲ. ಎಲೆ ಸ್ವಲ್ಪ ಬಾಡಿದಂತೆ ಕಂಡಾಗಲೆಲ್ಲ ನೀರು ಕೊಟ್ಟೆ. ಸಂಜೆಗೆ ದೊಡ್ಡ ಗಿಡವೊಂದು, ಗಾಢ ಕೆಂಪು ಹೂವಿನದು, ಕುತ್ತಿಗೆ ಮುರಿದಂತೆ ವಾಲಿತು. ಮಣ್ಣು ಒದ್ದೆಯಾಗಿಯೇ ಇತ್ತು. ಇನ್ನಷ್ಟು ನೀರು ಕೊಡಲು ಹೊರಟವನನ್ನು ಅಪರ್ಣ ಬಾಗಿಲಾಚೆಯಿಂದ ತಡೆದಳು.

"ಅದಕ್ಕೆ ಬಾಯಾರಿಕೆ ಅಲ್ಲ ಕಣ್ರೀ, ಉಸಿರು ಕಟ್ಟಿದೆ. ಕಿತ್ತು ನೋಡಿ."

ಕಿತ್ತೆ. ಈ ಗಿಡಕ್ಕೆ ಮಣ್ಣೊಳಗೆ ಕ್ಯಾರೆಟ್ಟಿನಂಥ ದಪ್ಪ ಬುಡವಿದೆ. ಅದು ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೊಳೆತ ಸೌತೆಕಾಯಿಯ ವಾಸನೆ ಬರುತ್ತಿತ್ತು.

"ಸೆಕೇಲಿ ಅದು ನಿದ್ದೆ ಮಾಡತ್ತೆ. ನಿದ್ದೆ ಮಾಡೋರಿಗೆ ಎಬ್ಬಿಸಿ ಎಬ್ಬಿಸಿ ನೀರು ಕುಡಿಸ್ತಾರಾ?"

ಫ್ಯಾನು ಹಾಕಿದೆ. ಆರಿಸಿದೆ. ಮತ್ತೆ ಹಾಕಿದೆ.

ಫೆಬ್ರವರಿ 11, ಭಾನುವಾರ

ಹಾಲು ತರಲು ಹೋಗಿ ಬರುವಷ್ಟರಲ್ಲಿ ಅಪರ್ಣ ಹಿತ್ತಲಲ್ಲಿದ್ದಳು. ಮಾಸ್ಕಿಲ್ಲ, ಗ್ಲೌಸಿಲ್ಲ. ಬರಿಗೈಯಲ್ಲಿ ಹಳದಿ ಎಲೆ ಬಿಡಿಸುತ್ತಿದ್ದಳು. ನಾನು ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅವಳು ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡಳು. ಎಷ್ಟು ಹೊತ್ತು ತೊಳೆದಳೆಂದರೆ, ನನಗೇ ಸಾಕು ಎನ್ನಬೇಕೆನಿಸಿತು.

ಫೆಬ್ರವರಿ 14, ಬುಧವಾರ

ಜ್ವರ. ನಡುಗುತ್ತಿದ್ದಾಳೆ. ಎಮರ್ಜೆನ್ಸಿಗೆ ಕರೆತಂದೆ. ರಕ್ತ ತೆಗೆದುಕೊಂಡು ಹೋಗಿದ್ದಾರೆ, ಯಾರೂ ಏನೂ ಹೇಳುತ್ತಿಲ್ಲ. ಆ ಗಿಡಗಳೇ. ಅವೇ.

ಫೆಬ್ರವರಿ 17, ಶನಿವಾರ

ಮಗಳು ಸಾನ್ವಿ ಮೆಲ್ಬರ್ನಿನಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದವಳು ಇವತ್ತು ವಾಪಸು ಹೊರಟಳು. ಅಮ್ಮನ ಜ್ವರ ಇಳಿಯುತ್ತಿದೆ, ಅವಳಿಗೂ ಕೆಲಸವಿದೆ. ನಾನು ಪಾಟುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಅವಳ ಡಿಕ್ಕಿಯಲ್ಲಿಟ್ಟೆ.

"ಹೆಲೆನ್ ಮನೇಲಿ ಇಳಿಸಿಬಿಡು."

"ಡಸ್ ಅಮ್ಮ ನೋ?"

"ಹುಷಾರಾದ ಮೇಲೆ ಹೇಳ್ತೀನಿ."

"ಅಪ್ಪ, ದಿಸ್ ಈಸ್ ನಾಟ್ ಓಕೆ."

"ನಿಮ್ಮಮ್ಮ ಇರ್ಬೇಕೋ ಗಿಡ ಇರ್ಬೇಕೋ?"

ಅವಳು ಡಿಕ್ಕಿಯ ಬಾಗಿಲನ್ನು ನಿಧಾನಕ್ಕೆ, ಪಾಟು ಅಲುಗದಂತೆ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಫೆಬ್ರವರಿ 19, ಸೋಮವಾರ

ಮೂತ್ರದ ಸೋಂಕಂತೆ. ಕಸಿಯಾದವರಲ್ಲಿ ಸಾಮಾನ್ಯವಂತೆ. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಾನು ಎರಡು ಸಲ ಕೇಳಿದೆ.

ಫೆಬ್ರವರಿ 22, ಗುರುವಾರ

ಮನೆಗೆ ಬಂದವಳು ಮೊದಲು ಹೋಗಿ ನಿಂತದ್ದು ಗಾಜಿನ ಬಾಗಿಲಲ್ಲಿ. ಖಾಲಿ ಬೆಂಚು. ಅದರ ಮೇಲೆ ಪಾಟಿನ ತಳದ ದುಂಡನೆಯ ಗುರುತುಗಳು. ಹೇಳಿದೆ. ಕೂಗಾಡುತ್ತಾಳೆಂದು ಕಾದೆ. ಇಲ್ಲ.

"ನಂಗೆ ಮಾತ್ರೆ ಕೊಡೋರು ನೀವು, ರಕ್ತ ತೆಗೆಯೋರು ಅವರು, ಅಡುಗೆ ಕಳ್ಸೋಳು ತಾರಾ," ಅಂದಳು. "ಎಲ್ಲರೂ ನನ್ನ ನೋಡ್ಕೋತೀರಿ. ನಾನು ನೋಡ್ಕೊಳ್ಳೋಕೆ ಅಂತ ಇದ್ದಿದ್ದು ಅವು. ಅಷ್ಟೇ ಇದ್ದಿದ್ದು ನಂಗೆ."

ಚಹಾ ಮಾಡಿ ಕೊಟ್ಟೆ. ಕುಡಿದಳು. ಲೋಟ ತೊಳೆದಿಟ್ಟಳು.

ಮಾರ್ಚ್ 10, ಭಾನುವಾರ

ಮನೆಯಲ್ಲಿ ಮಾತಿಲ್ಲ. ಹೂಂ, ಉಹೂಂ ಅಷ್ಟೇ. ನಾನು ಗರಾಜಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗರಾಜಿಗೆ ಓಡಾಡುತ್ತೇನೆ. ಯಾಕೆ ಹೋದೆನೆಂದು ಹೋದ ಮೇಲೆ ನೆನಪಿರುವುದಿಲ್ಲ.

ಮಾರ್ಚ್ 30, ಶನಿವಾರ. ಮೆಲ್ಬರ್ನ್, ಸಾನ್ವಿಯ ಮನೆ

ಈಸ್ಟರ್ ರಜೆ. ಅಪರ್ಣಳ ಜೊತೆಗೆ ತಾರಾ ಬಂದು ಇದ್ದಾರೆ. ನಾನೇ ಫೋನ್ ಮಾಡಿ ಕೇಳಿಕೊಂಡೆ. ಅವರು ಹಳೆಯದನ್ನು ಎತ್ತಲಿಲ್ಲ. ನಿನ್ನೆ ಇಡೀ ದಿನ ಕಾರು ಓಡಿಸಿ ಬಂದು, ಇವತ್ತು ಬೆಳಿಗ್ಗೆ ಒಲಿಂಡ ಬೆಟ್ಟ ಹತ್ತಿದೆ. ಗಿಡಗಳನ್ನು ವಾಪಸು ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಇಟ್ಟುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಹೆಲೆನ್ ಎಂಬತ್ತು ದಾಟಿದವರು. ಬೆನ್ನು ಬಾಗಿದೆ, ಕಣ್ಣು ಚುರುಕು. ಮನೆಯ ಹಿಂದೆ ಗಾಜಿನ ಮನೆಯಲ್ಲಿ ಅವರ ಆರಿಕ್ಯುಲಗಳು ಸಾಲು ಸಾಲಾಗಿದ್ದವು. ಅಪರ್ಣಳವು ಮೂಲೆಯಲ್ಲಿ ಬೇರೆಯಾಗಿ. ನಾನು ಬಂದ ಕಾರಣ ಹೇಳಿದೆ. ಅವರು ಹೌದು, ಇಲ್ಲ ಎನ್ನದೆ ನನ್ನ ಕೈಗೆ ಒಂದು ಜೊತೆ ಗ್ಲೌಸು ಕೊಟ್ಟು, ಮಣ್ಣು ಬದಲಿಸುವ ಕೆಲಸ ಬಾಕಿಯಿದೆ ಎಂದರು.

ಮಧ್ಯಾಹ್ನದವರೆಗೂ ಅವರ ಪಕ್ಕದಲ್ಲಿ ನಿಂತು ಗಿಡ ಬಿಡಿಸಿದೆ. ಹಳೆಯ ಮಣ್ಣು ಕೊಡವುವುದು, ಬುಡವನ್ನು ಮೂಗಿಗೆ ಹಿಡಿಯುವುದು, ಕೊಳೆತಿದ್ದರೆ ಬಿಳಿ ಭಾಗ ಬರುವವರೆಗೆ ಕತ್ತರಿಸಿ ಇದ್ದಿಲ ಪುಡಿ ಹಚ್ಚುವುದು. ಮಗ್ಗುಲಲ್ಲಿ ಮರಿ ಬಂದಿದ್ದರೆ ಅದಕ್ಕೇ ಬೇರು ಬಂದಿದೆಯೇ ಎಂದು ನೋಡಿ ಬೇರೆ ಮಾಡುವುದು. ಬೇರು ಬರುವ ಮುಂಚೆ ಕಿತ್ತರೆ ಸಾಯುತ್ತದೆ. ನಾನು ಅವಸರದಲ್ಲಿ ಒಂದನ್ನು ಹಾಗೇ ಕಿತ್ತೆ. ಹೆಲೆನ್ ಬೈಯಲಿಲ್ಲ, ಅದನ್ನು ಬಕೆಟ್ಟಿಗೆ ಹಾಕಿದರು.

ಕೈ ತೊಳೆದುಕೊಂಡ ಮೇಲೆ, ಹಾಗಾದರೆ ಪೆಟ್ಟಿಗೆ ತರಲೇ ಎಂದು ಕೇಳಿದೆ. ಅವರು ಬೇಡವೆಂದರು. ಗಿಡಗಳು ಅಪರ್ಣಳವು, ಅವಳು ಬಂದು ಕೇಳಿದರೆ ಕೊಡುತ್ತೇನೆ, ನಿನಗೆ ಕೊಡುವುದಿಲ್ಲ ಎಂದರು. ಅವಳು ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ ಎಂದೆ. ಅದನ್ನು ಹೇಳಿದವರು ಡಾಕ್ಟರೋ ನೀನೋ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಹೆಲೆನ್ ಕಾರಿನವರೆಗೆ ಬಂದು, ಒಂದು ಸಣ್ಣ ಪಾಟನ್ನು ಕಿಟಕಿಯೊಳಗೆ ತೂರಿಸಿದರು. ಇವತ್ತು ಬಿಡಿಸಿದ ಮರಿಗಳಲ್ಲೊಂದು. ಇದು ನಿನ್ನದು, ಸಾಯಿಸಿದರೂ ನಿನ್ನದೇ ಎಂದರು.

ಸಾನ್ವಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಐ ಲವ್ ದಟ್ ವುಮನ್!"

ಏಪ್ರಿಲ್ 2, ಮಂಗಳವಾರ. ದಿ ಪಾಂಡ್ಸ್

ಅಪರ್ಣಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಎಷ್ಟೋ ದಿನದ ಮೇಲೆ ನನ್ನ ಕಡೆ ತಿರುಗಿ ಕೂತು ಕೇಳಿದಳು. ಆಮೇಲೆ ಡಾಕ್ಟರಿಗೆ ತಾನೇ ಫೋನ್ ಮಾಡಿದಳು. ಇನ್ನೊಂದು ತಿಂಗಳು ಬಿಟ್ಟು ವಿಮಾನದಲ್ಲಿ ಮಾಸ್ಕ್ ಹಾಕಿಕೊಂಡು ಹೋಗಬಹುದಂತೆ. ಗಿಡದ ಕೆಲಸಕ್ಕೂ ಮಾಸ್ಕು, ಗ್ಲೌಸು ಇದ್ದರೆ ಸಾಕಂತೆ.

"ಫ್ಲೈಟಲ್ಲಿ ಜನ ಕೆಮ್ತಾರೆ," ಅಂದೆ.

"ಕೆಮ್ಮಲಿ."

"ನಾನೂ ಬರ್ತೀನಿ."

"ಬೇಡ ರೀ."

ಟಿಕೆಟ್ ಬುಕ್ ಮಾಡಿದಳು. ಹೋಗುವುದು ಮಾತ್ರ. ಬರುವುದು ಇಲ್ಲ.

ಮೇ 25, ಶನಿವಾರ

ಒಂದು ವಾರವೆಂದು ಹೋದವಳು ಇನ್ನೂ ಸಾನ್ವಿಯ ಮನೆಯಲ್ಲಿದ್ದಾಳೆ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಬೆಟ್ಟ ಹತ್ತುತ್ತಾಳಂತೆ. ಬಸ್ಸಿನಲ್ಲಿ! ಮಾತ್ರೆಯ ಹೊತ್ತಿಗೆಲ್ಲ ಫೋನ್ ಮಾಡುತ್ತಿದ್ದೆ. ಇವತ್ತು ಹೇಳಿಬಿಟ್ಟಳು: "ಭಾನುವಾರ ಮಾಡಿ. ಮಿಕ್ಕ ದಿನ ನಾನು ಎತ್ತಲ್ಲ."

ಮನೆಯ ದೀಪವೆಲ್ಲ ಹಾಕಿಕೊಂಡು ಕೂತಿದ್ದೇನೆ. ಟಿವಿ ನೋಡಲಾಗುವುದಿಲ್ಲ. ಕಾರು ತೊಳೆದೆ. ಅದು ಕೊಳೆಯಾಗಿರಲಿಲ್ಲ.

ಜೂನ್ 23, ಭಾನುವಾರ

ನನ್ನ ಗಿಡ ಸಾಯುತ್ತಿದೆ ಎಂದು ಅಪರ್ಣಳಿಗೆ ಹೇಳಿದೆ. ಹೊರಗಿನ ಎಲೆಗಳೆಲ್ಲ ಹಳದಿಯಾಗಿ ಉದುರಿ, ಮಧ್ಯದಲ್ಲಿ ಮುಷ್ಟಿ ಬಿಗಿಹಿಡಿದಂಥ ಒಂದು ಗಂಟು ಮಾತ್ರ ಉಳಿದಿದೆ.

"ಆ ಗಂಟಿನ ಮೇಲೆ ವಿಭೂತಿ ಇದ್ಯಾ?"

"ಇದೆ."

"ಹಾಗಾದ್ರೆ ಸಾಯ್ತಾ ಇಲ್ಲ. ಚಳಿಗಾಲ ಅಲ್ವಾ, ಮುದುಡಿಕೊಂಡಿದೆ. ಉದುರಿದ್ದನ್ನ ತೆಗೀರಿ. ತಾನಾಗೇ ಬಿಡದೆ ಇದ್ದಿದ್ದನ್ನ ಎಳೀಬೇಡಿ."

ಆಮೇಲೆ ನೀರಿನ ವಿಷಯ, ಗಾಳಿಯ ವಿಷಯ. ಹೆಲೆನ್ ಅವಳಿಗೆ ಪರಾಗ ಹಚ್ಚಿ ಹೊಸ ಗಿಡ ಮಾಡುವುದನ್ನು ಕಲಿಸುತ್ತಾರಂತೆ. ಬೀಜದಿಂದ ಹೂವಿನವರೆಗೆ ಎರಡು ಮೂರು ವರ್ಷ ಬೇಕಂತೆ. ಮೂರು ವರ್ಷದ ಮಾತನ್ನು ಎಷ್ಟು ಸಲೀಸಾಗಿ ಆಡಿದಳು. ಫೋನಿಟ್ಟ ಮೇಲೆ ನೋಡಿದರೆ ತುಂಬಾ ಹೊತ್ತು ಮಾತಾಡಿದ್ದೆವು.

ಜುಲೈ 14, ಭಾನುವಾರ

ತಾರಾ ಮತ್ತು ಅವರ ಯಜಮಾನರನ್ನು ಕಾಫಿಗೆ ಕರೆದಿದ್ದೆ. ಉಪ್ಪಿಟ್ಟು ತಳ ಹಿಡಿಯಿತು. ತಾರಾ ಬಂದಾಗಿನಿಂದ ಕೆಮ್ಮುತ್ತಿದ್ದರು, ಶುಂಠಿ ಕಷಾಯ ಮಾಡಿಕೊಟ್ಟೆ. ಸಂಜೆಯವರೆಗೂ ಇದ್ದರು. ಹೋಗುವಾಗ, "ಲಕ್ಷ್ಮೀಶ್, ಮನೆ ಎಷ್ಟು ಬೆಚ್ಚಗಿದೆ," ಎಂದರು. ಹೀಟರು ಹಾಕಿರಲಿಲ್ಲ, ಮರೆತಿದ್ದೆ.

ಆಗಸ್ಟ್ 18, ಭಾನುವಾರ

ಗಂಟು ಬಿಚ್ಚಿಕೊಂಡಿದೆ. ಎಲೆಗಳ ನಡುವೆ, ಆಳದಲ್ಲಿ, ಹುಡಿ ಮೆತ್ತಿಕೊಂಡ ಸಾಸಿವೆಯಂಥ ಮೊಗ್ಗುಗಳು. ಎಲೆ ಸರಿಸಿ ನೋಡಬೇಕೆಂದು ಕೈ ತುರಿಸುತ್ತದೆ. ಸರಿಸಲಿಲ್ಲ. ಟಾರ್ಚು ತಂದು ಮೇಲಿನಿಂದ ನೋಡಿದೆ.

ಸೆಪ್ಟೆಂಬರ್ 21, ಶನಿವಾರ. ಮೆಲ್ಬರ್ನ್

ಇವತ್ತು ಬೆಟ್ಟದ ತಪ್ಪಲಿನ ಹಾಲ್‌ನಲ್ಲಿ ಹೂವಿನ ಪ್ರದರ್ಶನ. ಕಪ್ಪು ಬಟ್ಟೆ ಹೊದಿಸಿದ ಮೆಟ್ಟಿಲುಗಳ ಮೇಲೆ ಆರಿಕ್ಯುಲಗಳನ್ನು ನಾಟಕದ ಪಾತ್ರಧಾರಿಗಳಂತೆ ನಿಲ್ಲಿಸಿದ್ದರು. ಒಂದೊಂದು ಹೂವಿನ ನಡುವೆಯೂ ಹಿಟ್ಟಿನಲ್ಲಿ ಬರೆದಂಥ ಬಿಳಿಯ ಉಂಗುರ, ಅದರ ಸುತ್ತ ಮಖಮಲ್ಲಿನ ಕಪ್ಪು, ಅಂಚಿಗೆ ಹಸಿರು. ಇಷ್ಟು ವರ್ಷ ನನ್ನ ಹಿತ್ತಲಲ್ಲೇ ಅರಳಿದ್ದವು. ನೋಡಿದ ನೆನಪಿಲ್ಲ.

ಅಪರ್ಣ ಮೆಟ್ಟಿಲುಗಳ ಪಕ್ಕದಲ್ಲಿ ನಿಂತು ಜನರಿಗೆ ವಿವರಿಸುತ್ತಿದ್ದಳು. ಕೆನ್ನೆ ತುಂಬಿಕೊಂಡಿವೆ. ನಾನು ನನ್ನ ಪಾಟು ಹಿಡಿದುಕೊಂಡು ಬಾಗಿಲ ಬಳಿ ನಿಂತೆ. ಅವಳ ಮಾತು ಮುಗಿಯಲಿ ಎಂದು. ಮುಗಿಯುವಂತೆ ಕಾಣಲಿಲ್ಲ. ಕೊನೆಗೆ ಅವಳೇ ನೋಡಿದಳು. ನನ್ನನ್ನಲ್ಲ, ಮೊದಲು ಪಾಟನ್ನು. ನನ್ನ ಗಿಡದ ಹೂವು ಮಾಸಲು ಹಳದಿ.

"ಎಲೆ ಮೇಲೆ ಒಂದು ಬೆರಳ ಗುರುತೂ ಇಲ್ವಲ್ರೀ!"

ಆಮೇಲೆ ಹೊರಗೆ ಬೆಂಚಿನ ಮೇಲೆ ಕೂತು ವಿಷಯ ಹೇಳಿದಳು. ಹೆಲೆನ್ ಹಿರಿಯರ ವಸತಿಗೆ ಹೋಗುತ್ತಿದ್ದಾರೆ. ಗಿಡಗಳನ್ನೆಲ್ಲ ಅಪರ್ಣಳಿಗೆ ಒಪ್ಪಿಸುತ್ತಾರೆ, ಮನೆಯನ್ನೂ ಅವಳಿಗೇ ರೆಂಟಿಗೆ ಕೊಡುತ್ತಾರೆ. ಅವಳು ಒಪ್ಪಿಕೊಂಡಾಗಿದೆ.

"ನೀವು ಬಂದ್ರೆ ನಂಗೆ ಸಂತೋಷ. ಬರ್ದಿದ್ರೂ ನಾನಿರ್ತೀನಿ. ಕೋಪದಿಂದ ಹೇಳ್ತಾ ಇಲ್ಲ."

"ಗೊತ್ತಾಗತ್ತೆ," ಅಂದೆ.

ಗೊತ್ತಾಗಿರಲಿಲ್ಲ. ಸಾನ್ವಿಯ ಮನೆಯ ಹಾಲಿನಲ್ಲಿ ಕೂರುತ್ತೇನೆ, ಏಳುತ್ತೇನೆ. ಸಿಡ್ನಿಯ ಮನೆ, ಮಾರ್ಟ್‌ಗೇಜು, ಆಫೀಸು. ತಿರಸ್ಕರಿಸಲು ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಹುಡುಕುವುದೇ ನನ್ನ ಕಸುಬು.

ಅಕ್ಟೋಬರ್ 13, ಭಾನುವಾರ. ಒಲಿಂಡ

ಆಫೀಸಿನವರು ಇಲ್ಲಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ, ತಿಂಗಳಿಗೊಮ್ಮೆ ಸಿಡ್ನಿಗೆ ಹೋಗಿ ಬಂದರಾಯಿತು. ಪಾಂಡ್ಸಿನ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಬಂದು ಒಂದು ವಾರವಾಯಿತು. ಪೆಟ್ಟಿಗೆಗಳು ಇನ್ನೂ ಬಿಚ್ಚಿಲ್ಲ.

ಇವತ್ತು ಹೆಲೆನ್ ಚಹಾಕ್ಕೆ ಬರುವವರಿದ್ದಾರೆ. ತಮ್ಮ ಗಿಡಗಳು ಹೇಗಿವೆಯೆಂದು ಅವರು ನೋಡಬೇಕಲ್ಲ. ಕೊನೆಯ ಹೂಗಳಿರುವ ಪಾಟುಗಳನ್ನು ವೆರಾಂಡದ ಶೆಲ್ಫಿನಲ್ಲಿ ಜೋಡಿಸಿದ್ದೆವು. ಅಡುಗೆಮನೆಯಲ್ಲಿ ಅಪರ್ಣ ಕೋಡುಬಳೆ ಕರಿಯುತ್ತಿದ್ದಳು. ಇದ್ದಕ್ಕಿದ್ದಂತೆ ಕಣಿವೆಯ ಕಡೆಯಿಂದ ಗಾಳಿ ಎದ್ದು ಮಳೆಯನ್ನು ಅಡ್ಡಡ್ಡಲಾಗಿ ಬೀಸಿ ತಂದಿತು.

"ರೀ, ಹುಡಿ ಹೋಗತ್ತೆ!" ಎಂದು ಒಲೆ ಆರಿಸಿ ಅವಳು ಓಡಿದಳು. ನಾನು ಜಾಕೆಟ್ ಬಿಚ್ಚಿ ಶೆಲ್ಫಿನ ಮುಂಭಾಗಕ್ಕೆ ಹಿಡಿದು ನಿಂತೆ. ಅವಳು ಎರಡೆರಡು ಪಾಟು ಎದೆಗವಚಿಕೊಂಡು ಅಂಗಳ ದಾಟಿ ಗಾಜಿನ ಮನೆಗೆ ಒಯ್ದಳು, ಬಂದಳು, ಒಯ್ದಳು. "ನೇರಳೇದು ಮೊದಲು! ಅಂಚಿಗೆ ಹಿಡಿ!" ಎಂದು ನಾನು ಕೂಗುತ್ತಲೇ ಇದ್ದೆ. ಎಲ್ಲ ಮುಗಿಯುವ ಹೊತ್ತಿಗೆ ಮಳೆಯೂ ನಿಂತಿತು. ಕೆಳಗಿನ ಸಾಲಿನ ಮೂರು ಗಿಡಗಳಿಗೆ ಹನಿ ತಾಗಿ ಎಲೆಯ ಮೇಲೆ ಹಸಿರು ಗೀರು ಬಿದ್ದಿದೆ. ನನಗೆ ಬೇಸರವಾಯಿತು. ಬಗ್ಗಿ ಅವನ್ನೇ ನೋಡುತ್ತಿದ್ದೆ.

ಅಪರ್ಣ ಬಾಗಿಲಲ್ಲಿ ನಿಂತಿದ್ದಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸೀರೆಯ ನೆರಿಗೆ ಕಾಲಿಗೆ ಸುತ್ತಿಕೊಂಡಿತ್ತು.

"ಇಷ್ಟು ನೆಂದಿದ್ದೀನಿ, ನೀವು ಕೇಳ್ಲೇ ಇಲ್ವಲ್ಲ," ಅಂದಳು.

"ಏನು?"

"ಏನೂ ಇಲ್ಲ ಬಿಡಿ."

ನಗತೊಡಗಿದಳು. ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಏನನ್ನು ಕೇಳಬೇಕಿತ್ತೋ ನನಗೆ ತಿಳಿಯಲಿಲ್ಲ. ಟವೆಲ್ ತಂದುಕೊಟ್ಟೆ. ತಲೆ ಒರೆಸಿಕೊಳ್ಳುತ್ತಾ ಟವೆಲಿನ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು.

ಹೆಲೆನ್‌ರ ಟ್ಯಾಕ್ಸಿ ಗೇಟಿಗೆ ಬಂದಂತಿದೆ. ಹೋಗಿ ಕೈಹಿಡಿದು ಇಳಿಸಿಕೊಳ್ಳಬೇಕು, ಮೆಟ್ಟಿಲು ಒದ್ದೆಯಾಗಿದೆ.